ಉದರದೊಳಗಿನ ಒತ್ತಡವೂ ಅದರ ಮಾಪನವೂ

ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ರಕ್ತದೊತ್ತಡ, ನಾಡಿಬಡಿತ, ಉಸಿರಾಟ ಮತ್ತು ಮೂತ್ರದ ಪ್ರಮಾಣಗಳನ್ನು ಆಗಿಂದಾಗ್ಗೆ ಬರೆದಿಡುವುದು ವಾಡಿಕೆ. ಇವುಗಳಷ್ಟೇ ಮಹತ್ತ್ವವುಳ್ಳ ಇನ್ನೊಂದು ಒತ್ತಡವು ಬಹುಕಾಲ ವೈದ್ಯರ ಗಮನದಿಂದ ದೂರವೇ ಉಳಿದಿತ್ತು. ಅದು ಉದರದೊಳಗಿನ ಒತ್ತಡ.

ಉದರವು ಹಿಗ್ಗಬಲ್ಲುದಾದರೂ ಅದಕ್ಕೊಂದು ಮಿತಿಯುಂಟು. ಹಿಂದೆ ಬೆನ್ನೆಲುಬು, ಮೇಲೆ ವಪೆ, ಕೆಳಗೆ ಸೊಂಟದ ಎಲುಬುಗಳು, ಮುಂದೆ ಸ್ನಾಯುಗಳ ಗೋಡೆ. ಇವುಗಳ ನಡುವೆ ರಕ್ತ, ದ್ರವ ಅಥವಾ ವಾಯು ತುಂಬಿಕೊಂಡಾಗ, ಇಲ್ಲವೆ ಕರುಳುಗಳೇ ಊದಿಕೊಂಡಾಗ ಒತ್ತಡವು ಏರುತ್ತದೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ, ಅಪಘಾತದಲ್ಲಿ ಹೊಟ್ಟೆಗೆ ಬಿದ್ದ ಪೆಟ್ಟು, ವ್ಯಾಪಕವಾದ ಸುಟ್ಟಗಾಯ ಹಾಗೂ ಕರುಳಿನ ಅಡಚಣೆ ಇದಕ್ಕೆ ಮುಖ್ಯ ಕಾರಣಗಳು. ರಕ್ತನಾಳಗಳಿಂದ ದ್ರವವು ಸೋರುವ ತೀವ್ರ ಸ್ವರೂಪದ ಡೆಂಗಿ ಜ್ವರದಲ್ಲಿಯೂ ಈ ಅಪಾಯವುಂಟು. ಒತ್ತಡ ಏರಿದಂತೆಲ್ಲ ವಪೆಯು ಮೇಲಕ್ಕೆ ತಳ್ಳಲ್ಪಟ್ಟು ಶ್ವಾಸಕೋಶಗಳಿಗೆ ಹಿಗ್ಗಲು ಎಡೆಯಿಲ್ಲದಾಗುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ದೊರೆಯದೆ ಮೂತ್ರದ ಪ್ರಮಾಣ ಇಳಿಯುತ್ತದೆ.

ಸಮಸ್ಯೆ ಜಟಿಲವಾಗುವುದು ಇಲ್ಲಿಯೇ. ಮೂತ್ರ ಕಡಿಮೆಯಾಯಿತೆಂದರೆ ದೇಹದಲ್ಲಿ ದ್ರವ ಸಾಲದೆಂದು ಭಾವಿಸಿ ಸಲೈನ್ ಹೆಚ್ಚಿಸುವುದು ಸಹಜ. ಅನೇಕ ವೇಳೆ ಅದು ಸರಿಯಾದ ಕ್ರಮವೂ ಹೌದು. ಆದರೆ ಉದರದ ಒತ್ತಡವೇ ಕಾರಣವಾಗಿದ್ದಲ್ಲಿ, ಹಾಗೆ ಸೇರಿಸಿದ ದ್ರವವು ಕರುಳಿನ ಪದರಗಳಿಗೆ ಇಳಿದು, ಊತವನ್ನು ಬೆಳೆಸಿ, ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಬಾಟಲಿ ಏರಿಸಿದಷ್ಟೂ ಗುಣವೆಂಬುದು ರೋಗಿಯ ಬಂಧುಗಳಲ್ಲಿ ಬೇರೂರಿರುವ ನಂಬಿಕೆ. ವೈದ್ಯರು ದ್ರವವನ್ನು ತಗ್ಗಿಸಿದಾಗ ಅದನ್ನು ಅಲಕ್ಷ್ಯವೆಂದು ತಿಳಿಯಬೇಕಾಗಿಲ್ಲ.

ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡಿ ಒತ್ತಡವನ್ನು ಅಂದಾಜು ಮಾಡಬಹುದೆಂದು ಹಿಂದೆ ನಂಬಲಾಗಿತ್ತು. ಅನುಭವಿ ವೈದ್ಯರ ಕೈಯೂ ಇದರಲ್ಲಿ ತಪ್ಪುತ್ತದೆಂಬುದು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಆದ್ದರಿಂದ ಅಳೆಯುವುದೊಂದೇ ಮಾರ್ಗ. ಮೂತ್ರಾಶಯದೊಳಗಿನ ಒತ್ತಡದಿಂದ ಇದನ್ನು ತಿಳಿಯುವ ವಿಧಾನವನ್ನು ಅಮೆರಿಕದ ವರ್ಜೀನಿಯಾದ ಶಸ್ತ್ರವೈದ್ಯರು 1984ರಲ್ಲಿ ಪ್ರಕಟಿಸಿದರು. ರೋಗಿಯನ್ನು ಅಂಗಾತ ಮಲಗಿಸಿ, ಮೊದಲೇ ಅಳವಡಿಸಿರುವ ಮೂತ್ರದ ನಳಿಕೆಯ ಮೂಲಕ 25 ಮಿಲಿಲೀಟರ್ ಮೀರದಂತೆ ಶುದ್ಧ ಸಲೈನನ್ನು ಒಳಬಿಟ್ಟು, ಉಸಿರು ಹೊರಹೋದ ಕೊನೆಯ ಕ್ಷಣದಲ್ಲಿ ಒತ್ತಡವನ್ನು ಗುರುತಿಸುತ್ತಾರೆ. ದುಬಾರಿ ಉಪಕರಣವಿಲ್ಲದ ಕಡೆ ನೇರವಾಗಿ ಎತ್ತಿ ಹಿಡಿದ ನಳಿಕೆಯಲ್ಲಿ ದ್ರವ ನಿಂತ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದರೂ ಸಾಕು, ಸುಮಾರು 1.36 ಸೆಂಟಿಮೀಟರ್ ನೀರು 1 ಮಿಲಿಮೀಟರ್ ಪಾದರಸಕ್ಕೆ ಸಮ.

ತೀವ್ರ ಅಸ್ವಸ್ಥರಾದ ವಯಸ್ಕರಲ್ಲಿ ಈ ಒತ್ತಡವು ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದು 12 ಅಥವಾ ಅದಕ್ಕೂ ಮಿಗಿಲಾಗಿ ನಿಂತರೆ ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. 20ನ್ನು ಮೀರಿ ನಿಂತು, ಯಾವುದಾದರೊಂದು ಅಂಗವು ಹೊಸದಾಗಿ ವಿಫಲಗೊಂಡರೆ ಅದು ಪ್ರಾಣಾಪಾಯದ ಸ್ಥಿತಿ. ವೈದ್ಯರು ಅದನ್ನು ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಮಕ್ಕಳಲ್ಲಿ ಈ ಮಿತಿಗಳು ಇನ್ನೂ ಕೆಳಗಿವೆ. ಈ ವಿಷಯಕ್ಕೆಂದೇ 2004ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವೈದ್ಯರ ಸಂಘವು ವ್ಯಾಖ್ಯೆಗಳನ್ನು 2006ರಲ್ಲಿ ಪ್ರಕಟಿಸಿ 2013ರಲ್ಲಿ ಪರಿಷ್ಕರಿಸಿತು. ಆದರೂ ಹೆಸರನ್ನು ಬಲ್ಲ ವೈದ್ಯರೆಲ್ಲರೂ ಒತ್ತಡವನ್ನು ಕ್ರಮವಾಗಿ ಅಳೆಯುತ್ತಿಲ್ಲವೆಂದು ವಿವಿಧ ದೇಶಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಅಪಾಯವುಳ್ಳ ರೋಗಿಯಲ್ಲಿ 4ರಿಂದ 6 ಗಂಟೆಗೊಮ್ಮೆ ಅಳೆಯಬೇಕೆಂಬುದು ಸಲಹೆ.

ಒತ್ತಡ ಏರಿತೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದಲ್ಲ. ಮೂಗಿನ ಮೂಲಕ ನಳಿಕೆಯಿಳಿಸಿ ಜಠರವನ್ನು ಬರಿದುಮಾಡುವುದು, ನೋವು ಮತ್ತು ಉದ್ವೇಗವನ್ನು ಶಮನಗೊಳಿಸಿ ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸುವುದು, ಸಂಗ್ರಹವಾದ ದ್ರವವನ್ನು ಸೂಜಿಯ ಮೂಲಕ ಹೊರತೆಗೆಯುವುದು, ದ್ರವದ ಲೆಕ್ಕವನ್ನು ಬಿಗಿಯಾಗಿಡುವುದು, ಇವು ಮೊದಲ ಕ್ರಮಗಳು. ಇವು ಫಲಿಸದೆ ಅಂಗಗಳು ಸೋಲುತ್ತಿದ್ದರೆ ಮಾತ್ರ ಉದರವನ್ನು ತೆರೆಯಲಾಗುತ್ತದೆ. ತೆರೆದ ಹೊಟ್ಟೆಯನ್ನು ತತ್‌ಕ್ಷಣ ಹೊಲಿಯುವಂತಿಲ್ಲ. ಊತ ಇಳಿಯುವವರೆಗೆ ತಾತ್ಕಾಲಿಕ ಹೊದಿಕೆಯಿಂದ ಮುಚ್ಚಿಡಬೇಕು. ಕೊಲಂಬಿಯಾದ ಬೊಗೊಟಾ ನಗರದ ಶಸ್ತ್ರವೈದ್ಯರು ಸಲೈನ್ ತುಂಬಿಬರುವ ಪ್ಲಾಸ್ಟಿಕ್ ಚೀಲವನ್ನೇ ಸೂಕ್ಷ್ಮಾಣುರಹಿತಗೊಳಿಸಿ ಇದಕ್ಕೆ ಬಳಸಿದರು. ‘ಬೊಗೊಟಾ ಚೀಲ’ವೆಂಬ ಹೆಸರಿನ ಈ ಅಗ್ಗದ ಉಪಾಯವು ಇಂದಿಗೂ ಬಳಕೆಯಲ್ಲಿದೆ. ಬಂಧುಗಳಿಗೆ ಆ ನೋಟ ಭೀತಿ ಹುಟ್ಟಿಸಬಹುದು. ಆದರೆ ಒತ್ತಡ ತಗ್ಗಿದ ಬಳಿಕ ಹೊಟ್ಟೆಯನ್ನು ಸಾಧ್ಯವಾದಷ್ಟು ಬೇಗನೆ ಮುಚ್ಚುತ್ತಾರೆ. ಸ್ನಾಯುಗಳ ಅಂಚು ಆಗ ಕೂಡದಿದ್ದಲ್ಲಿ ಮೇಲಿನ ಚರ್ಮವನ್ನಷ್ಟೇ ಮುಚ್ಚಿ, ರೋಗಿಯು ಚೇತರಿಸಿಕೊಂಡು ತಿಂಗಳುಗಳು ಕಳೆದ ನಂತರ ಗೋಡೆಯನ್ನು ಸರಿಪಡಿಸುವುದುಂಟು.