ಕೆಡವುವುದೂ ಕಾಯಕವೇ

ಮನೆ ಕಟ್ಟುವಾಗ ಗುದ್ದಲಿಪೂಜೆ ಮಾಡುತ್ತೇವೆ. ಕಟ್ಟಿ ಮುಗಿದ ಮೇಲೆ ಜಂಗಮರನ್ನು ಬಿನ್ನವಿಸಿ ಕರೆತಂದು, ಗೃಹಪ್ರವೇಶ ನೆರವೇರಿಸಿ, ಬಂಧುಬಾಂಧವರಿಗೆ ಪ್ರಸಾದ ಬಡಿಸುತ್ತೇವೆ. ಆದರೆ ಆ ಹೊಸ ಮನೆಗೆ ತನ್ನ ನೆಲವನ್ನು ಬಿಟ್ಟುಕೊಟ್ಟ ಹಳೆಯ ಮನೆ ಎಲ್ಲಿಗೆ ಹೋಯಿತು? ಇದನ್ನು ಕೇಳುವವರು ವಿರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊರವಲಯದಲ್ಲಿ ಒಮ್ಮೆ ನಡೆದು ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಹಳ್ಳದ ದಡ, ಕೆರೆಯ ಅಂಗಳ, ರಸ್ತೆ ಬದಿಯ ತಗ್ಗುಗಳಲ್ಲಿ ಒಡೆದ ಇಟ್ಟಿಗೆ, ಗಾರೆಯ ಹೆಂಟೆ, ಕಾಂಕ್ರೀಟಿನ ತುಂಡುಗಳು ಬಿದ್ದಿರುತ್ತವೆ.

ಅನ್ಯರನ್ನು ದೂರುವ ಮುನ್ನ ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಲೇಸು. ಹೊಳಲ್ಕೆರೆ ಸೀಮೆಯಲ್ಲಿದ್ದ ನಮ್ಮ ಪೂರ್ವಿಕರ ಮಾಳಿಗೆ ಮನೆಯನ್ನು ಸಹೋದರರ ಪಾಲುವಿಭಾಗದ ಸಮಯದಲ್ಲಿ ಕೆಡವಬೇಕಾಯಿತು. ಗುತ್ತಿಗೆದಾರನಿಗೆ ಹಣ ಕೊಟ್ಟು, ಎರಡೇ ದಿನದಲ್ಲಿ ಜಾಗ ತೆರವಾಯಿತೆಂದು ಸಂತೋಷಪಟ್ಟೆವು. ಮರುವರ್ಷ ಮಳೆಗಾಲದಲ್ಲಿ ಊರಿಗೆ ಹೋದಾಗ ಕೆಳಗೇರಿಯ ವೃದ್ಧೆಯೊಬ್ಬರು, “ಅಯ್ನೋರೆ, ನಿಮ್ಮ ಹಳೇ ಮನೆ ನಮ್ಮನೆ ಬಾಗಿಲಿಗೆ ನೀರು ತಂತು” ಎಂದರು. ಹೋಗಿ ನೋಡಿದೆವು. ಹಳ್ಳಕ್ಕೆ ಸುರಿದಿದ್ದ ನಮ್ಮ ಗೋಡೆಗಳೇ ಹರಿವ ನೀರನ್ನು ಅವರ ಮನೆಯತ್ತ ತಿರುಗಿಸಿದ್ದವು. ನಮ್ಮ ತಂದೆ ದಿನವೂ ವಿಭೂತಿಗಟ್ಟಿ ಇಡುತ್ತಿದ್ದ ಗೂಡಿನ ಕಲ್ಲು ಆ ರಾಶಿಯಲ್ಲಿ ಅರ್ಧ ಹೂತು ಬಿದ್ದಿತ್ತು. ನಮಗೆ ಮಾತು ಹೊರಡಲಿಲ್ಲ.

ನಮ್ಮದು ಬಯಲುಸೀಮೆ. ಇಲ್ಲಿ ನೀರಿನ ದಾರಿಯೇ ಜೀವದ ದಾರಿ. ಚಿತ್ರದುರ್ಗದ ಬೆಟ್ಟದ ಮೇಲೆ ಸುರಿದ ಮಳೆಯು ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿಯರ ಹೊಂಡಕ್ಕಿಳಿದು, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಹರಿಯುವಂತೆ ಹಿರಿಯರು ಏರ್ಪಡಿಸಿದ್ದರು. ಇಂತಹ ಸರಪಳಿಯಲ್ಲಿ ಒಂದು ಕಾಲುವೆ ಕಟ್ಟಿಕೊಂಡರೆ ಕೆಳಗಿನ ಹೊಂಡ ಬರಿದಾಗುತ್ತದೆ, ಮೇಲಿನ ಬೀದಿ ಜಲಾವೃತವಾಗುತ್ತದೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ತರುವಾಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಿಸಿದ ನೀರೂ ಬಂದ ದಿನ ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. ಒಣಗಿದ ಹಳ್ಳವನ್ನು ಖಾಲಿ ಜಾಗವೆಂದು ಬಗೆಯುವುದು ಅವಿವೇಕ.

ಊರ ಕಸದ ನೆಲಕ್ಕೆ ಸಾಗಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಹಸಿಕಸ ಕೊಳೆತು ಗೊಬ್ಬರವಾಗುತ್ತದೆ, ಕಾಂಕ್ರೀಟು ಕೊಳೆಯುವುದಿಲ್ಲ. ಅದು ತುಂಬಿದ ಜಾಗ ತುಂಬಿದಂತೆಯೇ ಉಳಿದು, ಊರು ಮತ್ತೊಂದು ನೆಲವನ್ನು ಹುಡುಕಬೇಕಾಗುತ್ತದೆ. ಇತ್ತ ಜಲ್ಲಿಗಾಗಿ ಗುಡ್ಡ ಒಡೆಯುತ್ತೇವೆ, ಅತ್ತ ಒಡೆದ ಜಲ್ಲಿಯನ್ನು ಕೆರೆಗೆ ಎಸೆಯುತ್ತೇವೆ.

ಹಿಂದಿನವರು ಮನೆಯನ್ನು ಕೆಡವುತ್ತಿರಲಿಲ್ಲ, ಬಿಚ್ಚುತ್ತಿದ್ದರು. ತೊಲೆ, ಜಂತೆ, ಬೋದಿಗೆ, ಬಾಗಿಲುವಾಡಗಳು ಮತ್ತೊಂದು ಮನೆಗೆ ಸಲ್ಲುತ್ತಿದ್ದವು. ಗೋಡೆಯ ಮಣ್ಣನ್ನು ಮತ್ತೆ ಕಲಸಿ ಗೋಡೆಗೇ ಏರಿಸುತ್ತಿದ್ದರು. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಸುರ್ಕಿ ಗಾರೆ ಮಾಡುತ್ತಿದ್ದರು. ಮಣ್ಣಿನಲ್ಲಿಯೋ ಸುಣ್ಣದಲ್ಲಿಯೋ ಕಟ್ಟಿದ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ್ದು ಬಿಡಿಸುವಾಗ ಒಡೆಯುತ್ತದೆ. ಆದ್ದರಿಂದ ಇಂದಿನ ಮನೆಗೆ ಹಿಂದಿಗಿಂತ ಹೆಚ್ಚಿನ ಎಚ್ಚರ ಬೇಕು.

ಈ ಎಚ್ಚರವನ್ನು ಸರ್ಕಾರವೂ ವಿಧಿಸಿದೆ. ಕೇಂದ್ರವು 2016ರಲ್ಲಿ ಪ್ರಕಟಿಸಿದ ಕಟ್ಟಡ ತ್ಯಾಜ್ಯದ ನಿಯಮಗಳು, ಅವಶೇಷವನ್ನು ರಸ್ತೆಗೂ ಚರಂಡಿಗೂ ಅಡ್ಡಿಯಾಗದಂತೆ ಇರಿಸುವ ಹೊಣೆಯನ್ನು ಕಟ್ಟಡದವರ ಮೇಲೆಯೇ ಹೊರಿಸಿದವು. 2025ರಲ್ಲಿ ಹೊಸ ನಿಯಮಗಳು ಪ್ರಕಟವಾಗಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಲಾಯಿತು. 20,000 ಚದರ ಮೀಟರ್ ಹಾಗೂ ಅದಕ್ಕೆ ಮಿಗಿಲಾದ ನಿರ್ಮಾಣಗಳಿಗೆ ಇವು ಮರುಬಳಕೆಯ ವಿಶೇಷ ಹೊಣೆಯನ್ನು ಕೊಡುತ್ತವೆ. ಹಳೆಯ ಕಾಂಕ್ರೀಟನ್ನು ಒಡೆದು ಮಾಡಿದ ಜಲ್ಲಿಯನ್ನು ಭಾರತೀಯ ಮಾನಕ ಸಂಸ್ಥೆಯೂ 2016ರಲ್ಲಿ ಒಪ್ಪಿದೆ. ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಶೇಕಡಾ 25ರವರೆಗೆ, ಎಂ-25 ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿಗೆ ಶೇಕಡಾ 20ರವರೆಗೆ ಬೆರೆಸಬಹುದು. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇಂತಹ ಅವಶೇಷವನ್ನು ಸಂಸ್ಕರಿಸುವ ಘಟಕವಿದೆ. ಆದರೆ ಭಾರದ ವಸ್ತುವನ್ನು ದೂರ ಸಾಗಿಸುವುದು ದುಬಾರಿ. ನಮ್ಮ ಊರುಗಳ ಮಟ್ಟಿಗೆ, ಬಿದ್ದ ಮನೆಯನ್ನು ಏಳುವ ಮನೆಯಲ್ಲಿಯೇ ಬಳಸುವುದು ಸುಲಭದ ಹಾದಿ.

ಗೃಹಸ್ಥರು ಮಾಡಬೇಕಾದುದು ಕಷ್ಟವೇನಲ್ಲ. ಮೊದಲು ಕೆಡವಲೇಬೇಕೇ ಎಂದು ಮನೆಮಂದಿಯೆಲ್ಲ ಕುಳಿತು ವಿಚಾರಿಸಬೇಕು. ದುರಸ್ತಿಯಿಂದ ಉಳಿಯುವುದನ್ನು ಉಳಿಸಬೇಕು. ಕೆಡವುವುದೇ ಆದರೆ ಜೆಸಿಬಿ ಬರುವ ಮುನ್ನ ಬಾಗಿಲು, ಕಿಟಕಿ, ತೊಲೆ, ಹಂಚು, ನಲ್ಲಿ, ತಂತಿಗಳನ್ನು ಕೈಯಿಂದ ಬಿಚ್ಚಿಸಬೇಕು. ಕಾಂಕ್ರೀಟು ಒಂದೆಡೆ, ಇಟ್ಟಿಗೆ-ಗಾರೆ ಒಂದೆಡೆ, ಮಣ್ಣು ಒಂದೆಡೆ, ಕಬ್ಬಿಣ, ಮರ ಹಾಗೂ ಪ್ಲಾಸ್ಟಿಕ್ಕು ಒಂದೆಡೆ ರಾಶಿಯಾಗಬೇಕು. ಬೇರೆಬೇರೆಯಾಗಿದ್ದರೆ ಅದು ಸಾಮಗ್ರಿ, ಬೆರೆತರೆ ಕಸ. ಮಾಳಿಗೆಯ ಕರಲು ಮಣ್ಣನ್ನು ಹೊಲಕ್ಕೆ ಹಾಕದೆ ಪ್ರತ್ಯೇಕವಾಗಿಡಬೇಕು. ಇಟ್ಟಿಗೆಯ ಚೂರು ಹೊಸ ಮನೆಯ ನೆಲದಡಿಯ ಭರ್ತಿಗೆ ಒದಗುತ್ತದೆ. ಧೂಳೇಳದಂತೆ ನೀರು ಚಿಮುಕಿಸಬೇಕು. ಕಲ್ನಾರಿನ ಶೀಟುಗಳನ್ನು ಒಡೆಯಬಾರದು, ಅದರ ಎಳೆ ಶ್ವಾಸಕೋಶಕ್ಕೆ ಮಾರಕ. ಉಳಿದುದನ್ನು ಎಲ್ಲಿ ಹಾಕಬೇಕೆಂದು ಸ್ಥಳೀಯ ಸಂಸ್ಥೆಯನ್ನು ಕೇಳಿ, ಆ ಜಾಗದ ಹೆಸರನ್ನು ಗುತ್ತಿಗೆಯ ಕಾಗದದಲ್ಲಿಯೇ ಬರೆಸಬೇಕು. ನಾವು ಅಂದು ಮರೆತದ್ದು ಈ ಒಂದು ಸಾಲನ್ನೇ.

ಕಲ್ಯಾಣದ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯನವರನ್ನು ನಾವೆಲ್ಲ ಬಲ್ಲೆವು. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ತಿಳಿಹೇಳಿದರು. ಚೆಲ್ಲಿದುದನ್ನು ವ್ಯರ್ಥವಾಗಗೊಡದ ಕೈ, ಬೇಕಾದುದಕ್ಕಿಂತ ಹೆಚ್ಚನ್ನು ಒಲ್ಲದ ಮನಸ್ಸು ಎರಡೂ ಆ ಒಂದೇ ಮನೆಯಲ್ಲಿದ್ದವು. ಕಟ್ಟುವುದು ಕಾಯಕವಾದರೆ ಕೆಡವುವುದೂ ಕಾಯಕವೇ. ಅದರಲ್ಲಿಯೂ ಸತ್ಯಶುದ್ಧತೆ ಇರಬೇಕು.

ಆ ಗೂಡಿನ ಕಲ್ಲನ್ನು ನಾವು ತೊಳೆಸಿ ತಂದು ಸಹೋದರನ ಹೊಸ ಮನೆಯ ಗೋಡೆಯಲ್ಲಿ ಇರಿಸಿದೆವು. ಹಳ್ಳವನ್ನು ನಾಲ್ಕು ಆಳುಗಳೊಡನೆ ನಿಂತು ಬಿಡಿಸಿದೆವು. ಮುಂದಿನ ಮಳೆಯಲ್ಲಿ ಆ ತಾಯಿಯ ಹೊಸ್ತಿಲು ಒಣಗಿತ್ತು. ಓದುಗ ಬಂಧುಗಳು ನಮ್ಮಂತೆ ತಡವಾಗಿ ಎಚ್ಚರಗೊಳ್ಳದಿರಲಿ.