ಕೊಲ್ಲಾಪುರದಲ್ಲೊಬ್ಬ ಕನ್ನಡ ಕಾದಂಬರಿಕಾರ

ಹಗಲೆಲ್ಲ ಪರಭಾಷೆಯಲ್ಲಿ ದುಡಿದು, ರಾತ್ರಿ ಕನ್ನಡ ಪುಸ್ತಕವನ್ನು ಬಿಡಿಸಿ ಕುಳಿತುಕೊಳ್ಳುವ ನಮ್ಮ ವಾಚಕರಿಗೆ ದಿವಂಗತ ಶಾಂತಿನಾಥ ದೇಸಾಯಿಯವರ ಬಾಳು ಅಪರಿಚಿತವೆನಿಸಲಾರದು. 1929ರಲ್ಲಿ ಉತ್ತರ ಕನ್ನಡದ ಹಳಿಯಾಳದಲ್ಲಿ ಜನಿಸಿದ ಅವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬೋಧಿಸಿದರು. ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಕಥೆ ಬರೆಯಲು ಕುಳಿತಾಗ ಮಾತ್ರ ಕನ್ನಡ. ಇಂಗ್ಲಿಷಿನಲ್ಲಿಯೇ ಬರೆದಿದ್ದರೆ ಹೆಚ್ಚಿನ ಕೀರ್ತಿ ಬರುತ್ತಿತ್ತಲ್ಲವೆ ಎಂದು ಕೇಳುವವರುಂಟು. ಅವರ ಕಥೆಗಳನ್ನು ಓದಿದವರು ಹಾಗೆ ಕೇಳಲಾರರು.

1961ರಲ್ಲಿ ಹೊರಬಂದ ‘ಮುಕ್ತಿ’ ಕನ್ನಡದ ನವ್ಯ ಕಾದಂಬರಿಗಳ ಮೊದಲ ಸಾಲಿಗೆ ಸೇರಿದುದು. ವಿದ್ಯಾವಂತ ತರುಣನೊಬ್ಬನ ಒಳಗಿನ ತಳಮಳವೇ ಅದರ ವಸ್ತು. ‘ಕ್ಷಿತಿಜ’ ಎಂಬ ಸಣ್ಣ ಕಥೆಯಂತೂ ಮರೆಯಲಾಗದುದು. ವಿಲಾಯಿತಿಗೆ ಹೊರಟ ಮಂದಾಕಿನಿ ಹಡಗಿನಲ್ಲಿದ್ದಾಳೆ. ಹಿಂದೆ ಮನೆಯ ಸಂಸ್ಕಾರ, ಮುಂದೆ ಹೊಸ ಜಗತ್ತಿನ ಸೆಳೆತ. ಮೊದಲ ಬಾರಿಗೆ ಊರು ಬಿಟ್ಟು ರೈಲು ಹತ್ತಿದ ರಾತ್ರಿ ನೆನಪಿರುವವರಿಗೆ ಆಕೆಯ ಮನಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಅವರು ಕುವೆಂಪು ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳೂ ಆದರು. ಆದರೆ ಅಧಿಕಾರದ ಪೀಠಕ್ಕಿಂತ ಬರೆಯುವ ಮೇಜೇ ಅವರ ಹೆಸರನ್ನು ಉಳಿಸಿದೆ. ಕಡೆಯ ಕಾದಂಬರಿ ‘ಓಂ ಣಮೋ’ದಲ್ಲಿ ಇಬ್ಬರು ಆಂಗ್ಲರು ಜೈನ ಜೀವನವನ್ನು ಅಭ್ಯಸಿಸಲು ಕರ್ನಾಟಕಕ್ಕೆ ಬರುತ್ತಾರೆ. ತಾವು ಹುಟ್ಟಿದ ಸಮಾಜವನ್ನೇ ದೇಸಾಯಿಯವರು ಹೀಗೆ ಪರಕೀಯರ ಕಣ್ಣಿನಿಂದಲೂ ನೋಡಿದರು. ಹೊರನಾಡಿನಲ್ಲಿ ಬಾಳಿದವರಿಗೆ ಆ ನೋಟ ಸಹಜವಾಗಿ ಒದಗುವುದೇನೋ! 2000ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕೃತಿಗೆ ದೊರೆಯಿತು. ಲೇಖಕರು 1998ರಲ್ಲಿಯೇ ತೀರಿಕೊಂಡಿದ್ದರು.