ದಫ್ತರದ ಬೀಗದಕೈ ಯಾರ ಬಳಿ?

ಇಂಗ್ಲೆಂಡಿನ ಅರಸನಾದ ಒಂದನೆಯ ವಿಲಿಯಮನು ಕ್ರಿ. ಶ. 1086ರಲ್ಲಿ ತನ್ನ ಸೀಮೆಯ ಭೂಮಿಕಾಣಿಗಳ ಲೆಕ್ಕ ತೆಗೆಯಿಸಿ ಚರ್ಮದ ಹಾಳೆಗಳ ಮೇಲೆ ಬರೆಯಿಸಿದ ಡೂಮ್ಸ್‌ಡೇ ಎಂಬ ದಫ್ತರವು ಇಂದಿಗೂ ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಲ್ಲವರು ಅದನ್ನು ಓದಬಲ್ಲರು. ಅದರ ಒಂಬೈನೂರನೆಯ ವರ್ಷದ ಸ್ಮರಣಾರ್ಥವಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ಹತ್ತು ಲಕ್ಷಕ್ಕೂ ಮಿಕ್ಕ ಜನರ ನೆರವಿನಿಂದ ನೂತನ ಡೂಮ್ಸ್‌ಡೇಯೊಂದನ್ನು ಸಿದ್ಧಗೊಳಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನಾರು ವರ್ಷಗಳೊಳಗಾಗಿ ಅವನ್ನು ಓದುವ ಯಂತ್ರಗಳೇ ದುರ್ಲಭವಾದವು. 2002ರ ವೇಳೆಗೆ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಹಳೆಯ ಯಂತ್ರದ ನಡೆಯನ್ನು ಅನುಕರಿಸುವ ತಂತ್ರಾಂಶವನ್ನು ರಚಿಸಿ ಅದನ್ನು ಮತ್ತೆ ತೆರೆಯಬೇಕಾಯಿತು.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿ 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ಓಲೆ ಜೀರ್ಣವಾಗಿದ್ದರೂ ಲಿಪಿಯನ್ನು ಬಲ್ಲ ಪಂಡಿತರಿದ್ದರು. ಆ ಲಿಪಿಗೆ ಯಾವ ಕಂಪನಿಯೂ ಒಡೆಯನಾಗಿರಲಿಲ್ಲ. ಗಣಕದ ಕಡತಕ್ಕಾದರೋ ಅದನ್ನು ಬರೆದ ಕ್ರಮವೇ ಲಿಪಿ. ಆ ಕ್ರಮವು ಒಬ್ಬ ವ್ಯಾಪಾರಿಯ ಗುಟ್ಟಾಗಿದ್ದರೆ, ಅವನು ಅಂಗಡಿ ಮುಚ್ಚಿದಂದು ನಮ್ಮ ದಫ್ತರವೂ ಮುಚ್ಚಿದಂತೆಯೇ.

ಕನ್ನಡಕ್ಕೆ ಈ ವಿಪತ್ತು ಹೊಸದಲ್ಲ. ಗಣಕವು ನಮ್ಮ ಕಚೇರಿಗಳಿಗೆ ಬಂದ ಮೊದಲ ವರ್ಷಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಚ್ಚಗನ್ನಡದ ಆಜ್ಞಾಪತ್ರವೂ ಅರ್ಥಹೀನ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. 1991ರ ಯುನಿಕೋಡ್ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳು ದೊರೆತವು. ‘ಕ’ಕಾರವು ಅದನ್ನು ಅನುಸರಿಸುವ ಎಲ್ಲ ಯಂತ್ರಗಳಲ್ಲಿಯೂ 3221. ಆದರೂ ಹಳೆಯ ಕ್ರಮದ ಕಡತಗಳು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಇನ್ನೂ ಉಳಿದಿವೆ.

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೆ. ಹಳೆಯ ಫಾಂಟುಗಳೂ ಅವನ್ನು ಬಲ್ಲವರೂ ಇರುವಾಗಲೇ ಈ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಲಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಯಂತ್ರವು ತಪ್ಪಬಹುದಾದುದರಿಂದ ಮೂಲದೊಡನೆ ತಾಳೆ ನೋಡಿಸಲಿ. ಮುಂದಿನ ಕಡತಗಳನ್ನು ನಿಯಮಗಳು ಬಹಿರಂಗವಾಗಿರುವ ರೂಪಗಳಲ್ಲಿಯೇ ಇರಿಸಲಿ: ಫಾಂಟನ್ನು ತನ್ನೊಳಗೇ ಹೊತ್ತಿರುವ ಪಿಡಿಎಫ್-ಎ 2005ರಲ್ಲಿಯೂ, ತಿದ್ದಲು ಬರುವ ಓಡಿಎಫ್ 2006ರಲ್ಲಿಯೂ ಅಂತರರಾಷ್ಟ್ರೀಯ ಮಾನಕಗಳಾಗಿವೆ. ಪ್ರತಿಗಳು ಬೇರೆ ಬೇರೆ ಊರುಗಳಲ್ಲಿರಲಿ.

ವೆಚ್ಚವಾಗುವುದೆಂದು ಆಕ್ಷೇಪಿಸುವವರುಂಟು. ರೈತನ ಹಕ್ಕುಪತ್ರವನ್ನೋ ನ್ಯಾಯಾಲಯದ ತೀರ್ಪನ್ನೋ ತೆರೆಯಲಾರದೆ ಕೈಚೆಲ್ಲಿದ ದಿನ ಆಗುವ ನಷ್ಟವನ್ನು ಯಾವ ಆಯವ್ಯಯದಲ್ಲಿ ಬರೆಯುವರು? ತನ್ನ ಪ್ರಜೆಗಳ ದಾಖಲೆಯನ್ನು ಓದಲು ಪರರ ಅಪ್ಪಣೆ ಬೇಡುವ ಆಡಳಿತವನ್ನು ಸ್ವಾಧೀನವೆನ್ನಲು ನಾವು ಒಪ್ಪಲಾರೆವು. ಸರಕಾರದವರು ಬರುವ ಆಯವ್ಯಯದಲ್ಲಿಯೇ ಈ ಕೆಲಸಕ್ಕೆ ಹಣವನ್ನು ತೆಗೆದಿರಿಸಬೇಕು.